ದೇವರು ಕೊಟ್ಟರೂ ಕ್ಯಾಂಪ್ ಮ್ಯಾನೇಜರ್ ಕೊಡಬೇಕಲ್ಲ

ಅಮೆರಿಕದ ಚರ್ಚುಗಳ ಕೈಯಲ್ಲಿ ಕಾಡು, ಕೆರೆ, ಬೆಟ್ಟ ಬೇಕಾದಷ್ಟಿವೆ. ಮಕ್ಕಳು ಬೇಸಿಗೆಯಲ್ಲಿ ಬಂದು ಮರದ ಕ್ಯಾಬಿನ್‌ಗಳಲ್ಲಿ ಮಲಗಲಿ, ಬೆಂಕಿಯ ಸುತ್ತ ಕೂತು ಹಾಡಲಿ, ಅಪ್ಪ ಅಮ್ಮಂದಿರು ಎರಡು ದಿನ ಫೋನ್ ಬದಿಗಿಟ್ಟು ಆಕಾಶ ನೋಡಲಿ ಅಂತ ಹಿಂದಿನವರು ಆಸೆಪಟ್ಟು ಮಾಡಿದ ಜಾಗಗಳು. ಗೇಟಿನ ಮೇಲೆ ದೊಡ್ಡದಾಗಿ 'ಎಲ್ಲರಿಗೂ ಸ್ವಾಗತ' ಎಂದು ಬರೆದಿರುತ್ತದೆ. ಕೆಳಗೆ ಬೀಗ ಇರುತ್ತದೆ. ಬೀಗದ ನಂಬರ್ ಬೇಕೆಂದರೆ ಬುಕಿಂಗ್ ಆಗಿರಬೇಕು. ಬುಕಿಂಗ್ ಆಗಬೇಕೆಂದರೆ ನಿಯಮಾವಳಿ ಓದಿ, ಪ್ರತಿ ಪುಟದ ಮೂಲೆಯಲ್ಲಿ ಸಹಿ ಹಾಕಿರಬೇಕು. ಅಷ್ಟು ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ.

ಹೆಸರು 'ಯುವಜನ ಮತ್ತು ಕುಟುಂಬ ಶಿಬಿರ'. ಆದರೆ ಸಾಲಿನಲ್ಲಿ ಕುಟುಂಬ ನಿಂತಿರುವುದು ಎಲ್ಲಿ ಅಂತ ಸ್ವಲ್ಪ ನೋಡಿ. ಮೊದಲು ಜಾಗದ ಒಡೆತನ ಇರುವ ಚರ್ಚಿನ ಯುವಜನ. ಆಮೇಲೆ ಅದೇ ಚರ್ಚಿನ ದೊಡ್ಡವರ ಗುಂಪುಗಳು. ಆಮೇಲೆ ಪಕ್ಕದ ಊರಿನ, ಅದೇ ಪಂಥದ ಚರ್ಚುಗಳು. ಇವರೆಲ್ಲರೂ ಬೇಡ ಅಂದ ದಿನ ಯಾವುದಾದರೂ ಉಳಿದಿದ್ದರೆ ಅದು ಕುಟುಂಬಕ್ಕೆ. ಅಂಥ ದಿನ ಸಾಮಾನ್ಯವಾಗಿ ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿರುವ ವಾರದ ಮಂಗಳವಾರ.

ಜುಲೈ ತಿಂಗಳು ಬೇಕೆಂದರೆ ಹಿಂದಿನ ವರ್ಷವೇ ಕೇಳಬೇಕು. ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಯಾರಿಗೆ ಶೇಂಗಾ ಆಗುವುದಿಲ್ಲ, ಎಲ್ಲವನ್ನೂ ಆಗಲೇ ಬರೆದುಕೊಡಬೇಕು. ಆ ಹುಡುಗರಿಗೇ ಮುಂದಿನ ವಾರ ಏನು ಮಾಡುತ್ತೇವೆ ಅಂತ ಗೊತ್ತಿರುವುದಿಲ್ಲ. ಅಷ್ಟು ಮಾಡಿದರೂ ಒಳ್ಳೆಯ ವಾರ ಸಿಗುವ ಖಾತ್ರಿ ಏನಿಲ್ಲ. ಹೋದ ವರ್ಷ ಬಂದವರಿಗೇ ಈ ವರ್ಷವೂ ಮೊದಲ ಹಕ್ಕು ಎಂಬ ನಿಯಮ ಎಷ್ಟೋ ಕಡೆ ಇದೆ. ಹಾಗಾಗಿ ಜುಲೈ ಮೂರನೇ ವಾರ ಎಂಬುದು ಕೆಲವು ಗುಂಪುಗಳಿಗೆ ಪಿತ್ರಾರ್ಜಿತ ಆಸ್ತಿ. ಅದು ಖಾಲಿಯಾಗಬೇಕೆಂದರೆ ಆ ಗುಂಪಿನೊಳಗೆ ಜಗಳವಾಗಬೇಕು. ಪಾಪ, ಪಕ್ಕದ ಚರ್ಚಿನಲ್ಲಿ ಒಡಕು ಬರಲಿ ಅಂತ ಒಳಗೊಳಗೇ ಪ್ರಾರ್ಥಿಸುವ ಯುವಜನ ನಾಯಕರು ಇದ್ದರೆ ಆಶ್ಚರ್ಯ ಬೇಡ.

ಈ ಸಂಪ್ರದಾಯ ಶುರುವಾದದ್ದು ಹೀಗಲ್ಲ. 1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಡ್ಜ್ ಎಂಬಲ್ಲಿ ಬಾರ್ಟನ್ ಸ್ಟೋನ್ ಎಂಬ ಪಾದ್ರಿಯ ಚರ್ಚಿನ ಸುತ್ತ ಜನ ಸೇರಿದರು. ಹತ್ತು ಸಾವಿರ ಅಂತ ಕೆಲವರು, ಇಪ್ಪತ್ತು ಸಾವಿರ ಅಂತ ಕೆಲವರು. ಆಗ ಆ ರಾಜ್ಯದ ಅತಿ ದೊಡ್ಡ ಪಟ್ಟಣ ಲೆಕ್ಸಿಂಗ್ಟನ್‌ನಲ್ಲೇ ಎರಡು ಸಾವಿರ ಜನ ಇರಲಿಲ್ಲ. ಗಾಡಿ ಮೇಲೊಬ್ಬ, ಮರದ ಬೊಡ್ಡೆ ಮೇಲೊಬ್ಬ ನಿಂತು ಏಕಕಾಲಕ್ಕೆ ಉಪದೇಶ ಮಾಡಿದರು. ಜನ ನಡುಗಿದರು, ಕಿರುಚಿದರು, ದೊಪ್ಪನೆ ನೆಲಕ್ಕೆ ಬಿದ್ದರು. ಆರೇಳು ಹಗಲು ರಾತ್ರಿ ನಡೆಯಿತು. ಇನ್ನೂ ನಡೆಯುತ್ತಿತ್ತಂತೆ, ಊಟದ ಸಾಮಾನು ಮುಗಿದುಹೋಯಿತು ಅಂತ ಸ್ಟೋನ್ ಆಮೇಲೆ ಬರೆದುಕೊಂಡ.

ಇವತ್ತಿನ ಕ್ಯಾಂಪ್ ಆಫೀಸಿನಿಂದ ಆ ಮಹಾನುಭಾವನಿಗೆ ಒಂದು ಪತ್ರ ಹೋಗಿದ್ದರೆ ಹೇಗಿರುತ್ತಿತ್ತು?

'ಪ್ರಿಯ ಸ್ಟೋನ್ ಅವರೇ, ನಿಮ್ಮ ಅರ್ಜಿಯಲ್ಲಿ ಬರುವವರ ಸಂಖ್ಯೆ "ದೇವರಿಗೇ ಗೊತ್ತು" ಎಂದಿದೆ. ದಯವಿಟ್ಟು ಅಂಕಿಯಲ್ಲಿ ಬರೆಯಿರಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಶ್ಶಬ್ದದ ಸಮಯ. ಈ ಅವಧಿಯಲ್ಲಿ ಪಶ್ಚಾತ್ತಾಪ ಪಡುವವರು ಸದ್ದಿಲ್ಲದೆ ಪಡಬೇಕು. ನೆಲಕ್ಕೆ ಬೀಳುವ ಕಾರ್ಯಕ್ರಮ ಇದ್ದರೆ, ಪೆಟ್ಟಾದರೆ ಹೊಣೆ ಕ್ಯಾಂಪಿನದಲ್ಲ ಎಂಬ ಪತ್ರ ಪ್ರತಿಯೊಬ್ಬರಿಂದಲೂ ಬೇಕು. ಬೊಡ್ಡೆ ಮೇಲೆ ಹತ್ತುವಂತಿಲ್ಲ. ಡೆಪಾಸಿಟ್ ಇನ್ನೂ ಬಂದಿಲ್ಲ.'

ಕೇನ್ ರಿಡ್ಜ್ ಅಲ್ಲಿಗೇ ಮುಗಿಯುತ್ತಿತ್ತು.

ನಿಯಮದ ರುಚಿ ನಿಜವಾಗಿ ಹತ್ತಿದ್ದು ಆಮೇಲೆ. ನ್ಯೂಜೆರ್ಸಿಯ ಸಮುದ್ರ ತೀರದಲ್ಲಿ ಓಷನ್ ಗ್ರೋವ್ ಎಂಬ ಊರಿದೆ. 1869ರಲ್ಲಿ ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದವರು ಡೇರೆ ಹಾಕಿ ಶುರು ಮಾಡಿದ ಶಿಬಿರ, ನಿಧಾನಕ್ಕೆ ಊರೇ ಆಯಿತು. ಇವತ್ತಿಗೂ ನೆಲ ಶಿಬಿರದ ಸಂಘದ್ದು. ಮನೆ ಕೊಂಡವರಿಗೂ ನೆಲ ಸಿಗುವುದು ಗುತ್ತಿಗೆಗೆ ಮಾತ್ರ, 99 ವರ್ಷಕ್ಕೆ. 114 ಡೇರೆಗಳು ಇಂದಿಗೂ ಪ್ರತಿ ಬೇಸಿಗೆ ಏಳುತ್ತವೆ. ಅದರಲ್ಲೊಂದು ಬೇಕೆಂದರೆ ಕಾಯುವ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂರಬೇಕು. ಡೇರೆ ಅಂದರೆ ಬೇಗ ಕಟ್ಟಿ ಬೇಗ ಬಿಚ್ಚುವ ವಸ್ತು ಅಂತ ತಿಳಿದಿದ್ದವರು ಅಲ್ಲಿ ಹೋಗಿ ನೋಡಬೇಕು.

ಓಷನ್ ಗ್ರೋವ್‌ನ ಭಾನುವಾರ ಇನ್ನೂ ಮಜವಾಗಿತ್ತು. ಆ ದಿನ ಊರಿನ ಬೀದಿಗಳಲ್ಲಿ ಯಾವ ಗಾಡಿಯೂ ಓಡುವಂತಿರಲಿಲ್ಲ. ಓಡಿಸುವುದು ಹಾಗಿರಲಿ, ನಿಲ್ಲಿಸುವಂತೆಯೂ ಇರಲಿಲ್ಲ. ಹಾಗಾಗಿ ಶನಿವಾರ ರಾತ್ರಿ ಎಲ್ಲರೂ ತಮ್ಮ ಕಾರುಗಳನ್ನು ಊರಾಚೆ ಬಿಟ್ಟು ನಡೆದು ಬರುತ್ತಿದ್ದರು. ದಾರಿಗೆ ಸರಪಳಿ ಬೀಳುತ್ತಿತ್ತು. ಪಾಪದ ಕಾರುಗಳೆಲ್ಲ ಪಕ್ಕದ ಊರಿನಲ್ಲಿ, ಪುಣ್ಯದ ಮಾಲೀಕರೆಲ್ಲ ಒಳಗೆ. ಭಾನುವಾರದ ಪೇಪರನ್ನು ಗಾಡಿಯಲ್ಲಿ ತಂದು ಹಾಕುವ ವಿಷಯವೂ ಕೋರ್ಟ್ ಮೆಟ್ಟಿಲು ಹತ್ತಿತು. ಕೊನೆಗೆ 1979ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, ಧಾರ್ಮಿಕ ಸಂಘವೊಂದು ಪೊಲೀಸು, ನ್ಯಾಯಾಲಯ ಎಲ್ಲ ಇಟ್ಟುಕೊಂಡು ಊರಾಳುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಆ ಪ್ರಶ್ನೆಯನ್ನು ಕೋರ್ಟಿಗೆ ಒಯ್ದದ್ದು ಯಾರೋ ದೊಡ್ಡ ಚಿಂತಕ ಅಂದುಕೊಳ್ಳಬೇಡಿ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನು. ಹೆಂಡವೇ ಇಲ್ಲದ ಊರಿನ ರಾಜ್ಯಭಾರವನ್ನು ಹೆಂಡವೇ ಇಳಿಸಿತು.

ಬೀದಿಯ ಸರಪಳಿ ಹೋಯಿತು. ಕಡಲಿನ ಸರಪಳಿ ಉಳಿಯಿತು. ಬೇಸಿಗೆಯ ಭಾನುವಾರ ಬೆಳಿಗ್ಗೆ, ಮಧ್ಯಾಹ್ನದವರೆಗೂ ಬೀಚಿಗೆ ಪ್ರವೇಶವಿರಲಿಲ್ಲ. ಅಟ್ಲಾಂಟಿಕ್ ಸಾಗರಕ್ಕೆ ಹನ್ನೆರಡು ಗಂಟೆಯವರೆಗೆ ರಜೆ. ಅಲೆಗಳು ಮಾತ್ರ ಯಾರ ಮಾತೂ ಕೇಳದೆ ಬಂದು ಹೋಗುತ್ತಿದ್ದವು. ದಿನಕ್ಕೆ 25,000 ಡಾಲರ್‌ವರೆಗೆ ದಂಡ ಬೀಳಬಹುದು ಅಂತ ರಾಜ್ಯ ಸರ್ಕಾರ ಕಣ್ಣು ಬಿಟ್ಟ ಮೇಲೆ, 2024ರ ಬೇಸಿಗೆಯಲ್ಲಿ ಭಾನುವಾರದ ಬೆಳಗೂ ತೆರೆಯಿತು.

ಅದೇ ಊರಿನ ಕಡಲ ಕಟ್ಟೆಯ ಮೇಲೆ ಒಂದು ಮಂಟಪ ಇದೆ. 'ಇದು ಸಾರ್ವಜನಿಕರಿಗೆಲ್ಲ ತೆರೆದಿದೆ' ಅಂತ ಹೇಳಿ ಸಂಘ ಅದಕ್ಕೆ ತೆರಿಗೆ ವಿನಾಯಿತಿ ಪಡೆದಿತ್ತು. 2007ರಲ್ಲಿ ಇಬ್ಬರು ಹೆಂಗಸರು ತಮ್ಮ ಸಿವಿಲ್ ಯೂನಿಯನ್, ಅಂದರೆ ಮದುವೆಯಂಥದೇ ಕಾನೂನು ಸಂಬಂಧದ ಸಮಾರಂಭಕ್ಕೆ ಮಂಟಪ ಕೇಳಿದರು. ತಕ್ಷಣ ಅದು ಪೂಜಾಸ್ಥಳವಾಯಿತು. ತೆರಿಗೆ ಆಫೀಸಿನವರ ಎದುರು ಎಲ್ಲರದೂ, ಬುಕಿಂಗ್ ಕೌಂಟರಿನಲ್ಲಿ ನಮ್ಮದು ಮಾತ್ರ. ಸರ್ಕಾರ ಆ ಮಂಟಪದ ವಿನಾಯಿತಿ ಕಿತ್ತುಕೊಂಡಿತು. ಇಬ್ಬರಿಗೂ ತಾರತಮ್ಯ ಆಯಿತೆಂದು 2012ರಲ್ಲಿ ನ್ಯಾಯಾಧೀಶರು ತೀರ್ಪನ್ನೂ ಕೊಟ್ಟರು. ಬೇರೆಯವರ ನಂಬಿಕೆ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಒಂದೇ ಚಾವಣಿ ಫಾರಂ ನೋಡಿ ಬಣ್ಣ ಬದಲಿಸಿದರೆ ನಗು ತಡೆಯುವುದು ಕಷ್ಟ.

ಓಷನ್ ಗ್ರೋವ್ ಒಂದೇ ಅಲ್ಲ, ಭಾನುವಾರ ಎಲ್ಲ ಕಡೆಯೂ ತಲೆನೋವೇ. ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಇರುವ ಮಾರ್ಮನ್ ಚರ್ಚಿನ ಕೈಪಿಡಿಯ ಪ್ರಕಾರ ಭಾನುವಾರ ಕ್ಯಾಂಪ್ ಇಡುವಂತಿಲ್ಲ. ಯುವಜನರು ಆ ದಿನ ಕ್ಯಾಂಪಿಗೆ ಹೋಗುವಂತೆಯೂ ಇಲ್ಲ, ಕ್ಯಾಂಪಿನಿಂದ ಬರುವಂತೆಯೂ ಇಲ್ಲ. ಅಂದರೆ ಶನಿವಾರ ಸಂಜೆಯೊಳಗೆ ಗುಡಾರ ಬಿಚ್ಚಿ, ಪಾತ್ರೆ ತೊಳೆದು, ಮಕ್ಕಳನ್ನು ಎಣಿಸಿ, ಮನೆ ಸೇರಬೇಕು. ಉಳಿದವರೆಲ್ಲ ವಾರಾಂತ್ಯಕ್ಕೆ ಕಾಡಿಗೆ ಹೊರಟಾಗ ಇವರ ಬಸ್ಸು ಎದುರುಗಡೆಯಿಂದ ಬರುತ್ತಿರುತ್ತದೆ. ಸರಿ, ಅಷ್ಟು ದೂರ ಯಾಕೆ, ಇಲ್ಲೇ ಚರ್ಚಿನ ಹುಲ್ಲುಹಾಸಿನ ಮೇಲೆ ಮಲಗೋಣ ಅಂದರೆ, ಚರ್ಚಿನ ಆವರಣದಲ್ಲಿ ರಾತ್ರಿ ತಂಗುವುದಕ್ಕೂ ಅದೇ ಕೈಪಿಡಿ ಒಪ್ಪುವುದಿಲ್ಲ. ಇದನ್ನೆಲ್ಲ ನಿಭಾಯಿಸುವವರು ಸಂಬಳದ ನೌಕರರೂ ಅಲ್ಲ. ವಾರವೆಲ್ಲ ಹಲ್ಲು ಕೀಳುವ ಡಾಕ್ಟರೋ, ಲೆಕ್ಕ ಬರೆಯುವ ಗುಮಾಸ್ತರೋ. ಒಂದು ದಿನ ಯಾರೋ ಬಂದು 'ಈ ವರ್ಷ ಯುವಜನ ಕ್ಯಾಂಪ್ ನಿಮ್ಮ ಸೇವೆ' ಎಂದು ಹೇಳಿ, ಕೈಗೆ ದಪ್ಪ ಫೈಲ್ ಕೊಟ್ಟು ಹೋಗುತ್ತಾರೆ.

ಆ ಫೈಲನ್ನು ಬಿಡಿಸಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಮುಖಪುಟದಲ್ಲಿ ಬೈಬಲಿನ ಸಾಲು ಇರುತ್ತದೆ. ಒಳಗಿನ ಸಾಲುಗಳೆಲ್ಲ ಇನ್ಶೂರೆನ್ಸ್ ಕಂಪನಿಯವು. ಹೊರಗಿನ ಗುಂಪು ಬಂದರೆ ಹತ್ತು ಲಕ್ಷ ಡಾಲರಿನ ವಿಮೆಯ ಸರ್ಟಿಫಿಕೇಟ್ ಬೇಕು, ಅದರಲ್ಲಿ ಕ್ಯಾಂಪಿನ ಹೆಸರೂ ಸೇರಿರಬೇಕು. ಕೆರೆಗೆ ಇಳಿಯಲು ಒಂದು ಸಹಿ, ದೋಣಿಗೆ ಒಂದು, ಹಗ್ಗದ ಸೇತುವೆಗೆ ಇನ್ನೊಂದು. ಗೋಡೆಗೆ ಟೇಪ್ ಅಂಟಿಸುವಂತಿಲ್ಲ. ಹೊಳೆಯುವ ಗ್ಲಿಟರ್ ಪುಡಿ ತರುವಂತಿಲ್ಲ. ಹಾಸಿಗೆಯನ್ನು ಆಚೆ ತಂದು ಹಾಕುವಂತಿಲ್ಲ. ನಾಯಿ ಬೇಡ. ಬೆಂಕಿ ಗುಂಡಿ ಇದೆ, ಅದಕ್ಕೂ ಸೇರಿಸಿಯೇ ಬಾಡಿಗೆ ಕೊಟ್ಟಿರುತ್ತೀರಿ. ಆದರೆ ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಭಯ, ಆದ್ದರಿಂದ ಬೆಂಕಿ ಹಚ್ಚುವಂತಿಲ್ಲ. ಗುಂಡಿಯ ಸುತ್ತ ಕೂತು ಟಾರ್ಚ್ ನೋಡಿಕೊಂಡು ಹಾಡಬಹುದು, ಹತ್ತು ಗಂಟೆಯೊಳಗೆ.

ಎಲ್ಲವನ್ನೂ ನಕ್ಕು ತಳ್ಳಿಹಾಕುವಂತಿಲ್ಲ, ಅದೂ ನಿಜ. ದೂರದಿಂದ ಸೌದೆ ತರಬೇಡಿ ಅನ್ನುವ ನಿಯಮ ಮೊದಲ ಸಲ ಓದಿದಾಗ, ಇದು ಕ್ಯಾಂಪಿನವರು ತಮ್ಮ ಸೌದೆ ಮಾರಲು ಹೂಡಿದ ಉಪಾಯ ಅನಿಸುತ್ತದೆ. ಆದರೆ ಆಶ್ ಮರಗಳನ್ನು ಕೊರೆಯುವ ಹಸಿರು ದುಂಬಿಯೊಂದು 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಯಿತು. ಅದು ಊರೂರು ಸುತ್ತಿದ್ದರಲ್ಲಿ ಇಂಥ ಸೌದೆ ಕಟ್ಟುಗಳ ಪಾಲು ದೊಡ್ಡದು. ಕೋಟಿಗಟ್ಟಲೆ ಮರಗಳು ಸತ್ತವು.

ಮಕ್ಕಳಿರುವಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು, ಒಬ್ಬರೇ ಇರಬಾರದು ಅನ್ನುವ ನಿಯಮವಂತೂ ತಮಾಷೆಯದ್ದೇ ಅಲ್ಲ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಚಿಕ್ಕಂದಿನಲ್ಲಿ ನಮ್ಮ ಮೇಲೆ ದೌರ್ಜನ್ಯ ನಡೆದಿತ್ತು ಅಂತ 82,000ಕ್ಕೂ ಜಾಸ್ತಿ ಜನ ಮುಂದೆ ಬಂದರು. ಆ ದಳಗಳಲ್ಲಿ ಎಷ್ಟೋ ಚರ್ಚುಗಳ ಆಶ್ರಯದಲ್ಲೇ ನಡೆಯುತ್ತಿದ್ದವು. ಪರಿಹಾರದ ಹಣ ಹೊಂದಿಸಲು ಹಲವು ಕಡೆ ಸ್ಕೌಟ್ಸ್‌ನವರು ತಮ್ಮ ಶಿಬಿರದ ಜಾಗಗಳನ್ನೇ ಮಾರಿದರು.

ನನ್ನ ಜಗಳ ಇರುವುದು ಇಲ್ಲೇ. ಇಂಥ ನಿಯಮ ಫೈಲಿನಲ್ಲಿ ಎಲ್ಲಿರಬೇಕು? ಮೊದಲ ಪುಟದಲ್ಲಿ, ಕೆಂಪು ಅಕ್ಷರದಲ್ಲಿ, ಅಲ್ವಾ? ಅದು ಇರುವುದು ಮಧ್ಯದಲ್ಲೆಲ್ಲೋ. ಅದರ ಮೇಲೆ 'ಫೋರ್ಕುಗಳನ್ನು ಊಟದ ಹಾಲಿನಿಂದ ಹೊರಗೆ ಒಯ್ಯಬಾರದು'. ಅದರ ಕೆಳಗೆ 'ಕಾಫಿ ಯಂತ್ರದಲ್ಲಿ ಬಿಸಿ ಚಾಕೊಲೇಟ್ ಮಾಡಬಾರದು'. ಎಲ್ಲವೂ ಒಂದೇ ಗಾತ್ರದ ಅಕ್ಷರ. ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಒಂದೇ ಒಂದು ಸಾಲು, ಅದು ಗ್ಲಿಟರಿಗೆ ಸೇರಿದ್ದು. ಫೈಲ್ ಬರೆದವರಿಗೆ ಮಗುವೂ ಒಂದೇ, ಫೋರ್ಕೂ ಒಂದೇ. ಓದುವವನಿಗೆ ನಲವತ್ತನೇ ಸಾಲಿಗೆ ನಿದ್ದೆ ಬರುತ್ತದೆ. ಸಹಿ ಹಾಕಿ ಕಳಿಸುತ್ತಾನೆ.

ಹೊರಡುವ ದಿನದ ತಪಾಸಣೆಯಲ್ಲಿ ಇದು ಕಣ್ಣಿಗೆ ರಾಚುತ್ತದೆ. ಬೆಳಿಗ್ಗೆ ಹತ್ತಕ್ಕೆ ಉಸ್ತುವಾರಿಯ ವೃದ್ಧ ದಂಪತಿ ಬರುತ್ತಾರೆ. ಒಳ್ಳೆಯ ಜನ, ಅವರೂ ಸುಮ್ನೆ ಸೇವೆಗೆ ಬಂದವರೇ. ಯಜಮಾನರ ಕೈಯಲ್ಲಿ ವಾಕಿಟಾಕಿ, ಯಜಮಾನತಿಯ ಕೈಯಲ್ಲಿ ಕ್ಲಿಪ್‌ಬೋರ್ಡು. ಆಕೆ ಫ್ರಿಜ್ಜಿನ ಮೇಲ್ಭಾಗದಲ್ಲಿ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಯಜಮಾನರು ಹಾಸಿಗೆಗಳ ಪ್ಲಾಸ್ಟಿಕ್ ಕವರಿನ ಜಿಪ್ ಎಳೆದು ನೋಡುತ್ತಾರೆ. ಫೋರ್ಕುಗಳನ್ನು ಹತ್ತತ್ತರ ಗುಡ್ಡೆ ಮಾಡಿ ಎಣಿಸಲಾಗುತ್ತದೆ. ಒಂದು ಕಮ್ಮಿ. ಮತ್ತೊಮ್ಮೆ ಎಣಿಕೆ. ಮತ್ತೂ ಒಂದು ಕಮ್ಮಿ. ಹೊರಗೆ ಬಸ್ಸು ಗುರುಗುಟ್ಟುತ್ತಿದೆ. ಇಡೀ ಯುವಜನ ಕಸದ ಚೀಲ ಬಿಚ್ಚಿ ಫೋರ್ಕು ಹುಡುಕುತ್ತದೆ. ಸಿಕ್ಕಿದ ಮೇಲೆ ಚಪ್ಪಾಳೆ. ಕ್ಲಿಪ್‌ಬೋರ್ಡಿನಲ್ಲಿ ಟಿಕ್. ಕೆರೆಯ ಹತ್ತಿರ ಮಕ್ಕಳ ಜತೆ ಯಾರಿದ್ದರು, ಎಷ್ಟು ಜನ ದೊಡ್ಡವರಿದ್ದರು ಅಂತ ಕೇಳಲು ಆ ಹಾಳೆಯಲ್ಲಿ ಚೌಕವೇ ಇಲ್ಲ.

ಹಾಗಂತ ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ಒಂದು ಸಮಿತಿ ಮಾಡಬಹುದು. ಪಾದ್ರಿ ಒಬ್ಬರು, ವಕೀಲರು ಒಬ್ಬರು, ತಾಯಂದಿರು ಇಬ್ಬರು, ಹದಿನೈದು ವರ್ಷದ ಹುಡುಗಿ ಒಬ್ಬಳು. ಎರಡು ದಿನ ಕ್ಯಾಂಪಿನಲ್ಲೇ ಕೂತು ನಿಯಮಾವಳಿಯನ್ನು ಒಂದು ಹಾಳೆಗೆ ಇಳಿಸಲಿ. ಮಕ್ಕಳ ಸುರಕ್ಷತೆ ಮೇಲೆ, ಬೆಂಕಿ ಮತ್ತು ನೀರು ಅದರ ಕೆಳಗೆ, ಫೋರ್ಕು ಬೇಕಿದ್ದರೆ ಹಿಂಬದಿಯಲ್ಲಿ. ಸಮಿತಿ ತಕ್ಷಣ ಒಂದು ಕ್ಯಾಬಿನ್‌ಗೆ ಅರ್ಜಿ ಹಾಕುತ್ತದೆ. ಆಫೀಸು ಕೇಳುತ್ತದೆ: ನೀವು ಯುವಜನವೋ, ಕುಟುಂಬವೋ? ಎರಡೂ ಅಲ್ಲ. ಹಾಗಾದರೆ ಕೊನೆಯ ವರ್ಗ. ನವೆಂಬರಿನಲ್ಲಿ ಒಂದು ಬುಧವಾರ ಖಾಲಿ ಇದೆ, ಆ ತಿಂಗಳು ನೀರು ಬಂದ್ ಆಗಿರುತ್ತದೆ, ಪರವಾಗಿಲ್ಲವೇ? ಪರವಾಗಿಲ್ಲ. ಹುಡುಗಿಗೆ ಇನ್ನೂ ಹದಿನೆಂಟಾಗಿಲ್ಲ, ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು. ಕೊಟ್ಟಾಯಿತು. ವಕೀಲರು ತಮ್ಮ ಹೊಣೆಪತ್ರದ ಮೂರನೇ ಕಲಮಿಗೆ ತಿದ್ದುಪಡಿ ಕೇಳಿದ್ದಾರೆ. ಅದನ್ನು ಒಪ್ಪುವ ಅಧಿಕಾರ ಇರುವುದು ನಿಯಮಾವಳಿ ಸಮಿತಿಗೆ ಮಾತ್ರ, ಅದು ಸಭೆ ಸೇರಿದ ಮೇಲೆ ತಿಳಿಸುತ್ತೇವೆ. ಅಂದ ಹಾಗೆ ಡೆಪಾಸಿಟ್ ವಾಪಸು ಕೊಡುವುದಿಲ್ಲ.