ಒಂದು ಸಾಲಿಗೆ ಹದಿನಾರು ದೋಸೆ

ಲಘು ಬರಹಗಾರನಿಗೆ ದಾವಣಗೆರೆ ಬಲು ಸಲೀಸು. ‘ಅವಳು ನಕ್ಕಳು, ಇವನ ದೋಸೆ ಮೇಲಿನ ಬೆಣ್ಣೆ ಕರಗಿತು’ ಅಂತ ಗೀಚಿದರೆ ಮುಗಿಯಿತು, ಉಳಿದದ್ದನ್ನು ಓದುಗರೇ ತಿಂದುಕೊಳ್ಳುತ್ತಾರೆ. ಅದೇ ಮಹಾಶಯ ಪ್ರೇಮ-ಹಾಸ್ಯದ ಸಿನಿಮಾ ತೆಗೆಯಹೊರಟರೆ ಆ ಒಂದು ಸಾಲು ಅರ್ಧ ದಿನ ನುಂಗುತ್ತದೆ.

ಮೊದಲು ದೋಸೆ ಲೆಕ್ಕ. ಇಬ್ಬರೂ ಒಟ್ಟಿಗೆ ಕಾಣುವ ವೈಡ್ ಶಾಟ್ 4 ಟೇಕ್ ಆದರೆ ಇಬ್ಬರಿಗೆ 8 ದೋಸೆ. ಅವನ ಕ್ಲೋಸಪ್ಪಿಗೆ 4, ಅವಳದಕ್ಕೆ 4. ಒಟ್ಟು 16. ಲೈಟ್ ಹುಡುಗರು ತಿನ್ನುವುದು ಇದರಲ್ಲಿ ಸೇರಿಲ್ಲ, ಅದನ್ನು ಲೆಕ್ಕ ಹಾಕದಿರುವುದೇ ಕ್ಷೇಮ. ಪ್ರತಿ ಟೇಕಿಗೂ ಹೊಸ ದೋಸೆ ಯಾಕೆಂದರೆ, ಪ್ರತಿ ಸಲವೂ ಅದನ್ನು ಮೊದಲಿನಷ್ಟೇ ಮುರಿದು ತೋರಿಸಬೇಕು. ವೈಡ್‌ನಲ್ಲಿ ಎರಡು ತುತ್ತು ಮುರಿದದ್ದು ಕ್ಲೋಸಪ್ಪಿನಲ್ಲಿ ಇಡಿಯಾಗಿ ಕಂಡರೆ ಪ್ರೇಕ್ಷಕ ಪ್ರೀತಿ ಬಿಟ್ಟು ದೋಸೆಯನ್ನೇ ನೋಡುತ್ತಾನೆ. ಯಾವ ಅಂಚು, ಯಾವ ಕೈ, ಪಲ್ಯ ಎಷ್ಟು ಉಳಿದಿತ್ತು, ಎಲ್ಲಕ್ಕೂ ‘ಕಟ್’ ಅಂದ ತಕ್ಷಣ ಮೊಬೈಲಿನಲ್ಲಿ ಫೋಟೋ. ಮೇಜಿನ ಕೆಳಗೊಂದು ಬಕೆಟ್ ಇರಲೇಬೇಕು, ಉಗುಳಲು. ಎಲ್ಲವನ್ನೂ ನುಂಗಿದ ನಾಯಕಿಯ ಕಣ್ಣಲ್ಲಿ ಏಳನೇ ಟೇಕಿಗೆ ಕಾಣುವುದು ಒಲವಲ್ಲ, ಅಜೀರ್ಣ.

ಇನ್ನು ಬೆಣ್ಣೆ. ಸುಮಾರು 35 ಡಿಗ್ರಿಗೆಲ್ಲ ಅದು ನೀರಾಗುತ್ತದೆ. ಏಪ್ರಿಲ್‌ನ ದಾವಣಗೆರೆ ಲೈಟು ಹಚ್ಚುವ ಮೊದಲೇ ಅದನ್ನು ದಾಟಿರುತ್ತದೆ. ಹಾಗಾಗಿ ಫ್ರೇಮು, ಫೋಕಸ್ಸು, ಲೈಟು ಎಲ್ಲ ತಣ್ಣಗಾದ ದೋಸೆಯ ಮೇಲೇ ಹೊಂದಿಸಿಕೊಂಡು, ಕೊನೆಗೆ ಹಂಚಿನಿಂದ ಇಳಿದ ದೋಸೆ ತಂದು, ಐಸ್ ಪೆಟ್ಟಿಗೆಯ ಬೆಣ್ಣೆ ಉಂಡೆ ಇಟ್ಟು ‘ಆ್ಯಕ್ಷನ್’ ಅನ್ನಬೇಕು. ಕರಗುವುದನ್ನು ಬೇರೆ, ನಗುವುದನ್ನು ಬೇರೆ ತೆಗೆಯುವುದು ಜಾಣತನ. ನಗುವಿಗೂ ಬೆಣ್ಣೆಗೂ ಮೊದಲ ಭೇಟಿ ಎಡಿಟಿಂಗ್ ಟೇಬಲ್ಲಿನ ಮೇಲೇ.

ಹೋಟೆಲಿನ ಟ್ಯೂಬ್‌ಲೈಟು ಇನ್ನೊಂದು ಕಾಟ. ನಮ್ಮ ಕರೆಂಟು 50 ಹರ್ಟ್ಸ್, ಸಿನಿಮಾ ಸೆಕೆಂಡಿಗೆ 24 ಫ್ರೇಮು. ಪ್ರತಿ ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂದು ನಿರ್ಧರಿಸುವ ಕ್ಯಾಮೆರಾದ ಶಟರನ್ನು ವಾಡಿಕೆಯ 180 ಡಿಗ್ರಿ ಕೋನದಲ್ಲೇ ಬಿಟ್ಟರೆ ಗೋಡೆ ಮಿಣಿಮಿಣಿ ಅನ್ನುತ್ತದೆ. 172.8ಕ್ಕೆ ತಿರುಗಿಸಿದರೆ ಆ ಹೊತ್ತು 1/50 ಸೆಕೆಂಡಾಗಿ, ಕರೆಂಟಿನ ತಾಳಕ್ಕೆ ಸರಿಹೋಗುತ್ತದೆ. ಅಗ್ಗದ ಎಲ್‌ಇಡಿಗಳು ಆಗಲೂ ಮಾತು ಕೇಳುವುದಿಲ್ಲ, ಹಿಂದಿನ ದಿನವೇ ಪರೀಕ್ಷಿಸಿ.

ದೋಸೆ ಬೇಡ, ಮಂಡಕ್ಕಿ-ಮೆಣಸಿನಕಾಯಿ ತಿನ್ನಿಸೋಣ ಅನ್ನುವವರಿಗೆ: ಕುರುಕುರು ಸದ್ದಿನಲ್ಲಿ ಸಂಭಾಷಣೆ ಕೊಚ್ಚಿಹೋಗುತ್ತದೆ. ಮಾತಾಡುವಾಗ ಮಂಡಕ್ಕಿ ಮುಷ್ಟಿಯಲ್ಲಿರಲಿ, ಮಾತು ಮುಗಿದ ಮೇಲೆ ಬಾಯಿಗೆ. ಮೆಣಸಿನಕಾಯಿ ಮೂರು ಕಚ್ಚಿದರೆ ಗ್ಲಿಸರಿನ್ ಖರ್ಚು ಉಳಿಯುತ್ತದೆ ನಿಜ, ಆದರೆ ಅಳುವ ಸೀನು ಇಂಟರ್ವಲ್ ಆದಮೇಲೆ ತಾನೇ?

ಪ್ರೇಮನಿವೇದನೆಗೆ ಚಿತ್ರದುರ್ಗದ ಕೋಟೆಯೇ ಆಗಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲು, ಪ್ರೀತಿ ಆಮೇಲೆ. ಮೇಲಿನ ಗಾಳಿಗೆ ‘ನಿನ್ನ ಇಷ್ಟಪಡ್ತೀನಿ’ ಅನ್ನುವುದು ಮೈಕಿನಲ್ಲಿ ‘ಬರ್ ಬುರ್’ ಆಗುತ್ತದೆ. ಮೈಕಿಗೆ ತುಪ್ಪಳದ ಕವಚ ತೊಡಿಸಿ.

ಕಡೆಯದು, ಎಲ್ಲರೂ ಮರೆಯುವಂಥದ್ದು. ಹೋಟೆಲ್ ಬಿಡುವ ಮುನ್ನ 30 ಸೆಕೆಂಡು ಬರೀ ನಿಶ್ಶಬ್ದ ರೆಕಾರ್ಡ್ ಮಾಡಿಕೊಳ್ಳಬೇಕು, ಮಾತಿನ ತುಂಡುಗಳ ನಡುವೆ ತೇಪೆ ಹಾಕಲು. ಫ್ಯಾನು, ಫ್ರಿಜ್ಜು ಟೇಕ್ ವೇಳೆ ಹೇಗಿದ್ದವೋ ಹಾಗೇ ಇರಲಿ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. 29ನೇ ಸೆಕೆಂಡಿಗೆ ಒಳಗಿನಿಂದ ಬರುತ್ತದೆ: ‘ಎರಡ್ ಬೆಣ್ಣೆ, ಒಂದ್ ಖಾಲೀ!’