ಗುರುವಾರದ ನ್ಯಾಯಕಟ್ಟೆ ಮತ್ತು ನಮ್ಮೂರ ತೂಬು

ನಾನು ಏಳು ವರ್ಷಗಳಿಂದ ನೆಲೆಸಿರುವ ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ, ಪ್ರತಿ ಗುರುವಾರ ನಡುಹಗಲು ಹನ್ನೆರಡಕ್ಕೆ, ಮಹಾ ಇಗರ್ಜಿಯ ಅಪೊಸ್ತಲರ ಬಾಗಿಲ ಮುಂದೆ ಕಪ್ಪು ನಿಲುವಂಗಿ ತೊಟ್ಟ ಎಂಟು ಮಂದಿ ರೈತರು ಸುತ್ತಲೂ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ತೂರಿಯಾ ನದಿಯಿಂದ ಹೊರಡುವ ಎಂಟು ಕಾಲುವೆಗಳಿಗೆ ಒಬ್ಬೊಬ್ಬರಂತೆ ಆಯಾ ಅಚ್ಚುಕಟ್ಟಿನವರೇ ಆರಿಸಿ ಕಳಿಸಿದ ಪ್ರತಿನಿಧಿಗಳು ಇವರು; ನೀರಿನ ಜಗಳ ತೀರಿಸುವ ರೈತರ ನ್ಯಾಯಾಲಯ ಇದು. ಸ್ವಂತ ನೆಲವನ್ನು ತಾನೇ ಉಳುವವನಲ್ಲದೆ ಬೇರೆಯವನು ಈ ಕುರ್ಚಿಗೆ ಬರುವಂತಿಲ್ಲ. ಸರದಿ ಮೀರಿ ನೀರು ಹಾಯಿಸಿಕೊಂಡವನು, ತನ್ನ ಪಾಲಿನ ಕಾಲುವೆಯ ಹೂಳು ತೆಗೆಯದವನು, ಪಕ್ಕದವನ ಪೈರಿಗೆ ನೀರು ನುಗ್ಗಿಸಿದವನು ಇಲ್ಲಿ ವಕೀಲರಿಲ್ಲದೆ ತಾನೇ ನಿಂತು ಉತ್ತರ ಹೇಳಬೇಕು. ಆಪಾದಿತನ ಕಾಲುವೆಯ ಪ್ರತಿನಿಧಿಗೆ ಆ ತೀರ್ಪಿನಲ್ಲಿ ಬಾಯಿ ಹಾಕುವ ಹಕ್ಕಿಲ್ಲ. ತೀರ್ಪು ಅಲ್ಲೇ ಆಗುತ್ತದೆ, ಅದಕ್ಕೆ ಮೇಲ್ಮನವಿ ಇಲ್ಲ. ಎಷ್ಟೋ ಗುರುವಾರ ಒಂದು ದೂರೂ ಇರುವುದಿಲ್ಲ. ನಿಮಿಷದೊಳಗೆ ಎಲ್ಲರೂ ಎದ್ದು ಹೋಗುತ್ತಾರೆ, ಕ್ಯಾಮೆರಾ ಹಿಡಿದು ಕಾದಿದ್ದ ಪ್ರವಾಸಿಗರು ಪೆಚ್ಚಾಗುತ್ತಾರೆ. ಮೊದಲ ಸಲ ನೋಡಿದಾಗ ಇದು ಪ್ರವಾಸಿಗರಿಗಾಗಿ ಆಡುವ ನಾಟಕವೆಂದೇ ನಾನೂ ತಿಳಿದಿದ್ದೆ.

ಆ ತಿಳಿವಳಿಕೆಯನ್ನು ಬದಲಿಸಿದ್ದು ‘ಫಿಲಾ’ ಎಂಬ ಅಳತೆ. ಇಲ್ಲಿ ಕಾಲುವೆಯ ಪಾಲನ್ನು ಲೀಟರಿನಲ್ಲಿ ಹೇಳುವುದಿಲ್ಲ. ನದಿಯಲ್ಲಿ ಎಷ್ಟು ನೀರಿದೆಯೋ ಅದರಲ್ಲಿ ಇಷ್ಟು ಪಾಲು ಎಂದು ಹೇಳುತ್ತಾರೆ, ಆ ಪಾಲಿಗೆ ಫಿಲಾ ಎಂದು ಹೆಸರು. ನದಿ ಬತ್ತಿದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಬತ್ತುತ್ತದೆ. ಇದನ್ನು ಕೇಳಿದ ದಿನ ನನಗೆ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ನಮ್ಮೂರ ಕೆರೆ ನೆನಪಾಯಿತು, ಏಕೆಂದರೆ ‘ದಾಮಾಷಾ’ ಎಂಬ ಹೆಸರಿನಲ್ಲಿ ತಾತ ಹೇಳುತ್ತಿದ್ದುದೂ ಇದನ್ನೇ. ಕೆರೆ ತುಂಬದ ವರ್ಷ ಊರವರು ಏರಿಯ ಮೇಲೆ ಸೇರಿ, ಇರುವ ನೀರು ಎಷ್ಟು ನೆಲಕ್ಕೆ ಸಾಕಾಗುತ್ತದೆಂದು ಅಂದಾಜು ಮಾಡಿ, ತೂಬಿನ ಹತ್ತಿರದ ಅಷ್ಟು ನೆಲವನ್ನೇ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಆ ಒಂದು ಬೆಳೆಗೆ ಹಂಚುತ್ತಿದ್ದರಂತೆ. ತನ್ನ ಗದ್ದೆಯನ್ನು ಒಂದು ಹಂಗಾಮಿಗೆ ನೆರೆಯವನಿಗೆ ಬಿಟ್ಟುಕೊಡುವ ಈ ಏರ್ಪಾಡು ಫಿಲಾಗಿಂತ ಒಂದು ಕೈ ಮೇಲೆಂದೇ ನನ್ನ ಎಣಿಕೆ. ನೀರು ಬಿಡುತ್ತಿದ್ದವನು ನೀರುಗಂಟಿ. ಅವನ ಕೂಲಿ ಸುಗ್ಗಿಯ ಕಣದಲ್ಲಿ ಸಿಗುತ್ತಿದ್ದ ಆಯ, ಅಂದರೆ ಧಾನ್ಯದ ಪಾಲು.

ಹಾಗಾದರೆ ವಲೆನ್ಸಿಯಾದಲ್ಲಿ ಉಳಿದದ್ದು ನಮ್ಮೂರಲ್ಲಿ ಏಕೆ ಅಳಿಯಿತು? ಹೊರನಾಡಿನ ನಮ್ಮ ಕೂಟಗಳಲ್ಲಿ ಇದಕ್ಕೆ ಸಿದ್ಧವಾದ ಉತ್ತರವೊಂದಿದೆ: ನಮ್ಮ ಜನಕ್ಕೆ ಶಿಸ್ತಿಲ್ಲ. ಎಲ್ಲರದ್ದಾದ ಹುಲ್ಲುಗಾವಲನ್ನು ಪ್ರತಿಯೊಬ್ಬನೂ ಮೇಯಿಸಿ ಹಾಳುಗೆಡವುತ್ತಾನೆ ಎಂದು 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರ ಮನೆಮಾತಿನ ರೂಪವಿದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಇದಕ್ಕೆ ಎದುರಾಗಿ ಮುಂದಿಟ್ಟ ನಿದರ್ಶನಗಳಲ್ಲಿ ವಲೆನ್ಸಿಯಾವೂ ಒಂದು. ಬಳಸುವವರೇ ನಿಯಮ ಮಾಡಿ, ಕಾವಲು ಕಾದು, ದಂಡ ಹಾಕುವ ಕಡೆಗಳಲ್ಲಿ ಇಂತಹ ಆಸ್ತಿ ಶತಮಾನಗಳ ಕಾಲ ಬಾಳಿದೆಯೆಂದು ಅವರು ತೋರಿಸಿದರು. ವಲೆನ್ಸಿಯಾದ ರೈತ ನಮ್ಮವನಿಗಿಂತ ಸಂಭಾವಿತನೇನಲ್ಲ. ಅವನೂ ಸಂದು ಸಿಕ್ಕರೆ ನೀರು ಕದಿಯುವವನೇ, ಇಲ್ಲದಿದ್ದರೆ ನ್ಯಾಯಾಲಯವೇಕೆ?

ವ್ಯತ್ಯಾಸ ಕಾನೂನಿನಲ್ಲಿದೆ. 1985ರಲ್ಲಿ ಸ್ಪೇನ್ ತನ್ನ ನ್ಯಾಯಾಂಗದ ಕಾಯಿದೆಯಲ್ಲಿ ಈ ರೈತರ ನ್ಯಾಯಾಲಯವನ್ನು ಹೆಸರು ಹಿಡಿದೇ ಮಾನ್ಯ ಮಾಡಿತು. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ನೀರುಗಂಟಿಯ ವಂಶಪಾರಂಪರ್ಯದ ಹುದ್ದೆಯನ್ನು ತೆಗೆದುಹಾಕಿತು. ಅದು ತಪ್ಪೆಂದು ನಾನು ಹೇಳಲಾರೆ. ನಮ್ಮ ಕಡೆ ನೀರುಗಂಟಿ ಸಾಮಾನ್ಯವಾಗಿ ದಲಿತನಾಗಿದ್ದ. ಊರಿಗೆಲ್ಲ ನೀರು ಹಂಚುವ ಅವನು ಏರಿಯ ಮೇಲಿನ ಮಾತುಕತೆಯಲ್ಲಿ ದೂರ ನಿಲ್ಲಬೇಕಿತ್ತು. (ವಲೆನ್ಸಿಯಾದ ಕುರ್ಚಿಯೂ ಹೆಣ್ಣೊಬ್ಬಳಿಗೆ ಸಿಕ್ಕಿದ್ದು 2011ರಲ್ಲಿ.) ತಪ್ಪಿದ್ದು ಆಮೇಲೆ: ಹುಟ್ಟಿನಿಂದ ಬಂದ ಹುದ್ದೆಯ ಜಾಗಕ್ಕೆ ಊರು ಆರಿಸಿದ ಹುದ್ದೆ ಬರಬೇಕಿತ್ತು, ಕೆರೆಯೇ ಇಲಾಖೆಗಳಿಗೆ ಹೋಯಿತು. ಮುಂದೆ ಯೋಜನೆಗಳ ಹಣದೊಂದಿಗೆ ಕೆರೆ ಬಳಕೆದಾರರ ಸಂಘಗಳು ಬಂದವು. ನಾನು ಕಂಡ ಸಂಘವೊಂದು ಏರಿಗೆ ಕಲ್ಲು ಹೊದಿಸಿತು, ಯಾರಿಗೂ ಒಂದು ರೂಪಾಯಿ ದಂಡ ಹಾಕಲಿಲ್ಲ, ಹಣ ಮುಗಿದ ಮೇಲೆ ಸಭೆಯನ್ನೂ ಕರೆಯಲಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಕೊಳವೆಬಾವಿ. ವಲೆನ್ಸಿಯಾದಲ್ಲಿ ನೀರು ನೆಲಕ್ಕೆ ಅಂಟಿಕೊಂಡದ್ದು, ಅದನ್ನು ನೆಲದಿಂದ ಬಿಡಿಸಿ ಮಾರುವಂತಿಲ್ಲ. ಹೆಚ್ಚು ದೂರವಿಲ್ಲದ ಅಲಿಕಾಂತೆಯಲ್ಲಿ ನೀರನ್ನು ನೆಲದಿಂದ ಬೇರ್ಪಡಿಸಿ ಹರಾಜು ಹಾಕುವ ಪದ್ಧತಿ ಬೆಳೆದಿತ್ತೆಂಬುದನ್ನು ನೆನೆದರೆ ಇದು ಹವೆಯ ಗುಣವಲ್ಲ, ಜನ ತಾವೇ ಆರಿಸಿಕೊಂಡ ದಾರಿ ಎಂದು ತಿಳಿಯುತ್ತದೆ. ಕೋಲಾರದಲ್ಲಿ ಹಣವುಳ್ಳವನು ತನ್ನ ಹೊಲದಲ್ಲಿ ಕೊಳವೆ ಇಳಿಸಿದ ದಿನ ಅವನಿಗೆ ಕೆರೆಯ ಹಂಗು ತಪ್ಪಿತು, ಹೂಳೆತ್ತುವ ದಿನ ಅವನ ಮನೆಯ ಆಳು ಬರುವುದು ನಿಂತಿತು. ಊರಲ್ಲಿ ಮಾತು ನಡೆಯುತ್ತಿದ್ದವನೇ ಕೈಬಿಟ್ಟ ಮೇಲೆ ಒಂದೆಕರೆಯವನು ಎಷ್ಟು ದಿನ ಗುದ್ದಲಿ ಹಿಡಿದಾನು? ಈಗ ಸಾವಿರ ಅಡಿ ಕೊರೆದರೂ ಧೂಳು ಬರುವ ಕಡೆಗಳಿವೆ.

2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದು ಅಂತರ್ಜಲಕ್ಕೆಂದು ಬಿಟ್ಟ ನೀರು; ಕೆರೆಯಿಂದ ನೇರವಾಗಿ ಹೊಲಕ್ಕೆ ಎತ್ತುವಂತಿಲ್ಲ. ಹೋದ ಸಲ ಊರಿಗೆ ಬಂದಾಗ, ಹಾಗೆ ತುಂಬಿದ್ದ ಪಕ್ಕದೂರಿನ ಕೆರೆಯ ಏರಿಯ ಮೇಲೆ ದೊಡ್ಡಪ್ಪನ ಮಗನೊಂದಿಗೆ ನಡೆಯುತ್ತಿದ್ದೆ. ಈ ನೀರನ್ನು ಈಗ ಹಂಚುವವರು ಯಾರು ಎಂದು ಕೇಳಿದೆ. ಅವನು ಹೂಳಿನಲ್ಲಿ ಮುಕ್ಕಾಲು ಮುಚ್ಚಿಹೋಗಿದ್ದ ತೂಬಿನ ಕಲ್ಲನ್ನು ತೋರಿಸಿ, “ಹಂಚೋದೇನಣ್ಣ, ಯಾರ ಬೋರು ಆಳವೋ ಅವರದ್ದು” ಎಂದ.