'ನೆಕ್ಸ್ಟ್' ಬಟನ್ ಮಹಾತ್ಮೆ

ಆನ್‌ಲೈನ್ ತರಬೇತಿಯನ್ನು ಉದ್ಯೋಗಿಗಳು ಬಳಸುತ್ತಿಲ್ಲವಂತೆ, ಬಳಕೆ ಹೆಚ್ಚಬೇಕಂತೆ. ಆಫೀಸುಗಳಿಗೆ ಈಗ ಇದೊಂದು ಹೊಸ ಜ್ವರ. ಅದಕ್ಕೊಂದು ಸಮಿತಿ, ತಂಡ ತಂಡಗಳ ನಡುವೆ ಪೈಪೋಟಿ, ಜಾಸ್ತಿ ಕೋರ್ಸ್ ಮುಗಿಸಿದವರಿಗೆ ಸ್ಕ್ರೀನ್ ಮೇಲೊಂದು ಬಂಗಾರದ ಬಣ್ಣದ ಬ್ಯಾಡ್ಜ್. ಸಾಲದ ಕಂತು, ಮಕ್ಕಳ ಫೀಸು ಎಲ್ಲ ತೂಗಿಸುವ ಜನ ಆ ಬ್ಯಾಡ್ಜಿಗಾಗಿ ಹಪಹಪಿಸುತ್ತಾರೆ ಅಂತ ನಂಬಿದವರ ಮುಗ್ಧತೆಗೆ ಕೈ ಮುಗಿಯಬೇಕು.

ಆದರೂ ಬಳಕೆ ಏರುತ್ತಿದೆ ನೋಡಿ! ಹೇಗೆ ಅಂತ ನಿಮಗೂ ಗೊತ್ತು. ವಿಡಿಯೋ ಒಂದು ಟ್ಯಾಬಿನಲ್ಲಿ ಬಾಯಿ ಮುಚ್ಚಿಕೊಂಡು ಓಡುತ್ತಿರುತ್ತದೆ, ಕೆಲಸ ಇನ್ನೊಂದು ಟ್ಯಾಬಿನಲ್ಲಿ. 'ನೆಕ್ಸ್ಟ್' ಬಟನ್ ಬೂದು ಬಣ್ಣಕ್ಕೆ ತಿರುಗಿ ಸತ್ತು ಬಿದ್ದಿರುತ್ತದೆ. ಟೈಮರ್ ಮುಗಿದ ಕೂಡಲೇ ನೀಲಿಯಾಗಿ ಎದ್ದು ಕೂರುತ್ತದೆ. ಒತ್ತಿದರೆ ಮತ್ತೆ ಸಾಯುತ್ತದೆ. ಟ್ಯಾಬ್ ಬದಲಿಸಿದರೆ ವಿಡಿಯೋ ನಿಲ್ಲುವ ವ್ಯವಸ್ಥೆಯೂ ಬಂದಿದೆ. ಅದನ್ನು ದಾಟಲು ಜನ ಹುಡುಕಿಕೊಂಡ ದಾರಿಗಳನ್ನು ಕಂಡರೆ, ಇವರಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ ಅನಿಸುತ್ತದೆ.

ಇನ್ನು ಕೊನೆಯ ಕ್ವಿಜ್. 'ಸರಬರಾಜುದಾರರೊಬ್ಬರು ನಿಮಗೆ ಹಣ ತುಂಬಿದ ಲಕೋಟೆ ಕೊಡುತ್ತಾರೆ. ಏನು ಮಾಡುವಿರಿ?' ಇಸಿದುಕೊಳ್ಳುವೆ. ಗೆಳೆಯರ ಜೊತೆ ಹಂಚಿಕೊಳ್ಳುವೆ. ಸಂಸ್ಥೆಯ ನೀತಿಯ ಪ್ರಕಾರ ನಯವಾಗಿ ನಿರಾಕರಿಸಿ ತಕ್ಷಣ ಸಂಬಂಧಪಟ್ಟವರ ಗಮನಕ್ಕೆ ತರುವೆ. ಯಾವ ಉತ್ತರ ಉದ್ದವಿದೆಯೋ ಅದೇ ಸರಿ. ಪ್ರಶ್ನೆ ಓದುವುದೇ ದಂಡ, ಅಳತೆ ಪಟ್ಟಿ ಸಾಕು. ಲಂಚ ತಿನ್ನುವವನೂ ಇದರಲ್ಲಿ ನೂರಕ್ಕೆ ನೂರು ತೆಗೆಯುತ್ತಾನೆ. ಅವನೇ ಮೊದಲು ಮುಗಿಸಿರುತ್ತಾನೆ ಅಂತ ನನ್ನ ಗುಮಾನಿ.

ಕೋರ್ಸು ಮತ್ತು ಅದನ್ನು ತೋರಿಸುವ ಪೋರ್ಟಲ್ ತಮ್ಮೊಳಗೆ ಲೆಕ್ಕ ಒಪ್ಪಿಸಿಕೊಳ್ಳಲು 'ಸ್ಕಾರ್ಮ್' ಅಂತ ಒಂದು ಪದ್ಧತಿ ಇದೆ. ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆಯೊಂದರಲ್ಲಿ ಹುಟ್ಟಿದ್ದು. 2001ರಲ್ಲಿ ಬಂದ ಅದರ 1.2ನೇ ಆವೃತ್ತಿ ಇವತ್ತಿಗೂ ಎಷ್ಟೋ ಕಡೆ ಓಡುತ್ತಿದೆ. ಅದರಲ್ಲಿ ನಮ್ಮ ಸ್ಥಿತಿಗತಿಗೆ ಆರೇ ಖಾನೆ: ಪಾಸು, ಫೇಲು, ಮುಗಿಸಿದರು, ಮುಗಿಸಿಲ್ಲ, ಕಣ್ಣಾಡಿಸಿದರು, ಮುಟ್ಟೇ ಇಲ್ಲ. ತಲೆಗೆ ಹೋಯಿತೋ ಇಲ್ಲವೋ ಅನ್ನುವುದಕ್ಕೆ ಖಾನೆ ಇಲ್ಲ. 'ಕಣ್ಣಾಡಿಸಿದರು' ಅಂತ ಪ್ರಾಮಾಣಿಕವಾದದ್ದೊಂದು ಇದೆ, ಆದರೆ ಅದನ್ನು ಬಾಸ್‌ಗಳ ಗ್ರಾಫಿನಲ್ಲಿ ನಾನಂತೂ ಕಂಡಿಲ್ಲ.

ತರಬೇತಿಯನ್ನು ಅಳೆಯುವುದು ಹೇಗೆ ಅಂತ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ಹಾಕಿಕೊಟ್ಟಿದ್ದರು. ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬದಲಾದರಾ, ಸಂಸ್ಥೆಗೆ ಅದರಿಂದ ಏನಾದರೂ ಆಯಿತಾ. ನಾವು ಮೊದಲ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು ಕೂತಿದ್ದೇವೆ. ಅಲ್ಲೂ, ನಕ್ಷತ್ರ ಒತ್ತದಿದ್ದರೆ ಸರ್ಟಿಫಿಕೇಟ್ ಡೌನ್‌ಲೋಡ್ ಆಗುವುದಿಲ್ಲ. ಹಾಗಾಗಿ ಎಲ್ಲರಿಗೂ ಎಲ್ಲವೂ ಇಷ್ಟವಾಗಿದೆ.

ಸಾಕು ಈ ನಾಟಕ. ಜನ ಕಲಿಯುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಎಕ್ಸೆಲ್‌ನಲ್ಲಿ ಫಾರ್ಮುಲಾ ಕೈಕೊಟ್ಟರೆ ಯೂಟ್ಯೂಬ್ ನೋಡಿ ತಾವೇ ಸರಿಮಾಡಿಕೊಳ್ಳುತ್ತಾರೆ. ಯಾರೂ ರಿಮೈಂಡರ್ ಕಳಿಸಿರುವುದಿಲ್ಲ. ಇಲ್ಲದಿರುವುದು ಟೈಮು. ಕೆಲಸದ ಹೊರೆ ಚೂರೂ ಇಳಿಸದೆ ಮೇಲೊಂದು ಕೋರ್ಸ್ ಹೇರಿದರೆ, ಅದನ್ನು ಮಕ್ಕಳು ಮಲಗಿದ ಮೇಲೆ ತೂಕಡಿಸುತ್ತಾ ಒತ್ತಬೇಕು, ಅಷ್ಟೇ. ಎಷ್ಟೋ ಕಡ್ಡಾಯ ಕೋರ್ಸುಗಳು ಕಲಿಸಲು ಇರುವುದೂ ಅಲ್ಲ. ನಾಳೆ ಏನಾದರೂ ಎಡವಟ್ಟಾದರೆ 'ನಾವು ಹೇಳಿಕೊಟ್ಟಿದ್ದೆವು, ಇಗೋ ಇವರ ಸರ್ಟಿಫಿಕೇಟ್' ಅಂತ ಕೈತೊಳೆದುಕೊಳ್ಳಲು ಇರುವಂಥವು. ಇದಕ್ಕೆ ಕಲಿಕೆಯ ಸಂಸ್ಕೃತಿ ಅಂತ ಬೇರೆ ಹೆಸರು.

ವಾರದಲ್ಲಿ ಎರಡು ಗಂಟೆ ಬಿಡುವು ಕೊಡಿ, ಆಫೀಸಿನ ಹೊತ್ತಿನಲ್ಲೇ ಕೂತು ನೋಡುತ್ತೇವೆ ಅಂದರೆ ಕ್ಯಾಲೆಂಡರಿನಲ್ಲಿ ಜಾಗ ಇಲ್ಲವಂತೆ. ಬಳಕೆ ಇನ್ನೂ ಹೆಚ್ಚಿಸುವುದು ಹೇಗೆ ಅಂತ ಚರ್ಚಿಸುವ ಮೀಟಿಂಗಿಗೆ ಮಾತ್ರ ಪ್ರತಿ ಸೋಮವಾರ ಒಂದು ಗಂಟೆ ಸಿಕ್ಕಿದೆ.